ಬೂದಿ ಬಣ್ಣ, ಕಪ್ಪು ಕೊರಳು

12 ಸೆಪ್ಟೆಂಬರ್ 2025, ಶುಕ್ರವಾರ

ಕೈ ಯಾವಾಗ ಜುಮ್ಮೆನ್ನುತ್ತದೆ, ಯಾವಾಗ ನೋಯುತ್ತದೆ ಎಂದು ದಿನವೂ ಬರೆದಿಡಬೇಕಂತೆ. ವಿಜಯಪುರದ ಡಾಕ್ಟರು ಹೇಳಿದ್ದಾರೆ. ಹನಿ ನೀರಾವರಿ ಕಂಪನಿಯವರು ಕೊಟ್ಟ ಡೈರಿ ಜನವರಿಯಿಂದ ಹಾಗೇ ಬಿದ್ದಿತ್ತು, ಅದನ್ನೇ ತೆಗೆದೆ. ಬರೆಯುತ್ತೇನೆ: ಬೆಳಿಗ್ಗೆ ಜುಮ್ಮೆಂದಿತು. ಮಧ್ಯಾಹ್ನ ಜುಮ್ಮೆಂದಿತು. ಬಸ್ಸಿನ ಕಂಬಿ ಹಿಡಿದಾಗ ಹೆಬ್ಬೆರಳೇ ಇಲ್ಲದಂತಾಯಿತು. ಸಾಕೇ ಡಾಕ್ಟರೇ?

ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಇಪ್ಪತ್ತು ವರ್ಷ ದ್ರಾಕ್ಷಿ ಕತ್ತರಿ ಹಿಚುಕಿದ್ದಕ್ಕೆ ಸಿಕ್ಕ ಬಹುಮಾನ. "ಇನ್ನ ಕತ್ತರಿ ಒತ್ತಬ್ಯಾಡ್ರಿ. ಒತ್ತಿದ್ರ ಆಪರೇಷನ್ ತನಕಾ ಹೋಗತೈತಿ," ಎಂದರು. ಚಾಟ್ನಿ ಇನ್ನು ಹತ್ತು ದಿನಕ್ಕೆ ಶುರುವಾಗಬೇಕು. ಬಳ್ಳಿಯ ಕಡ್ಡಿ ಕತ್ತರಿಸಿ ಹೊಸ ಚಿಗುರಿಗೆ ದಾರಿ ಮಾಡುವ ಕೆಲಸವದು, ಏಪ್ರಿಲ್‌ನಲ್ಲೊಮ್ಮೆ, ಈಗೊಮ್ಮೆ. ಈ ಚಾಟ್ನಿ ತಡವಾದರೆ ಹಣ್ಣು ತಡ, ಹಣ್ಣು ತಡವಾದರೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಹೊತ್ತಿಗೆ ಮಳೆ. ಇದನ್ನೆಲ್ಲ ಡಾಕ್ಟರಿಗೆ ಹೇಳಲಿಲ್ಲ. ಅವರು ಮಣೂಕವನ್ನು ಪಾಯಸದಲ್ಲಿ ಮಾತ್ರ ನೋಡಿದವರು.

ನಮ್ಮ ಮನೆಯವರು ಈರಯ್ಯ ವಿಜಯಪುರದ ಶೈತ್ಯಾಗಾರವೊಂದರಲ್ಲಿ ನೌಕರಿ ಮಾಡುತ್ತಾರೆ. ಕಳ್ಳಕವಟಗಿಯ ತೋಟ ಮೊದಲಿನಿಂದಲೂ ನನ್ನ ಪಾಲಿನದು. ಬಸ್ಸು ತಿಕೋಟಾ ದಾಟಿದ ಮೇಲೆ ಅವರು ಮೆಲ್ಲಗೆ ಬಾಯಿಬಿಟ್ಟರು.

"ನಂದಾ, ಚಾಟ್ನಿ ಟೋಳಿಯವರೆಲ್ಲಾ ಬಬಲೇಶ್ವರದಾಗ ಅದಾರ. ಅಕ್ಟೋಬರ್ ಇಪ್ಪತ್ತರ ಮಟಾ ಬರೂದಿಲ್ಲ. ನಿನ್ನ ಕೈಲೆ ನೀಗಲಿಲ್ಲಂದ್ರ ಮ್ಯಾಲಿನ ತ್ವಾಟ ಲಾವಣಿಗೆ ಹಾಕಿಬಿಡೂಣು."

ಕಿಟಕಿಯಾಚೆ ನೋಡುತ್ತ ಕುಳಿತೆ. ಮೇಲಿನ ತೋಟದ ಐನೂರು ಬಳ್ಳಿಗಳನ್ನೂ ಒಂಬತ್ತು ವರ್ಷದ ಹಿಂದೆ ನಾನೇ ನೆಟ್ಟಿದ್ದೇನೆ. ಹಾಗೆ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟರೆ ಬಳ್ಳಿ ಒಂದು ದಿನ ತಿರುಗಿ ಬಂದೀತು, ತೋಟದವಳು ಎನ್ನುವ ಹೆಸರು ಬರುವುದಿಲ್ಲ. ಅಕ್ಟೋಬರ್ ಹದಿನೈದರೊಳಗೆ ಐನೂರೂ ಮುಗಿಸುತ್ತೇನೆ. ಹೇಗೆ ಎಂದು ಇನ್ನೂ ಗೊತ್ತಿಲ್ಲ.

16 ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಮೂರು ಸಲ ಜುಮ್ಮೆಂದಿತು. ಸಂಜೆ ಎಣಿಸುವುದನ್ನು ಬಿಟ್ಟೆ. ತುಂಬಿದ ಕೊಡ ಕೈಜಾರಿ ಅಂಗಳವೆಲ್ಲ ನೀರಾಯಿತು.

ಅತ್ತೆ ಮುರಿಗೆವ್ವ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. "ಕೈ ಕೊಡಬೇ, ತಿಕ್ಕತೀನಿ." ನಮ್ಮ ಅತ್ತೆಗೆ ಎಣ್ಣೆಯಿಂದ ಆಗದ ಕೆಲಸವೇ ಇಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕರು ಕೆಮ್ಮಿದರೆ ಎಣ್ಣೆ, ಹೊಲಿಗೆ ಯಂತ್ರ ಮುನಿಸಿಕೊಂಡರೂ ಎಣ್ಣೆ. ಬೇಡ ಎಂದೆ. ಕೈ ಕೊಟ್ಟರೆ ನೋವು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಸಂಜೆಗೆ ಮಗನ ಕಿವಿಗೆ ಸುದ್ದಿ, ಬೆಳಿಗ್ಗೆ ಲಾವಣಿಯ ಮಾತು.

20 ಸೆಪ್ಟೆಂಬರ್, ಶನಿವಾರ

ದಾರಿ ಸಿಕ್ಕಿತು. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಅರುಣಕುಮಾರ ಎನ್ನುವವರ ಅಂಗಡಿ ಇದೆ. ಗಾಳಿಯ ಒತ್ತಡದಿಂದ ನಡೆಯುವ ಸಾಮಾನುಗಳನ್ನು ರಿಪೇರಿ ಮಾಡುತ್ತಾರೆ, ಹಳೆಯವನ್ನು ಮಾರುತ್ತಾರೆ. ಅವರ ಹತ್ತಿರ ಒಂದು ಗಾಳಿ ಕತ್ತರಿ ಇತ್ತು. ಎರಡು ಬೆರಳು ತಾಗಿಸಿದರೆ ಸಾಕು, ಕಡ್ಡಿಯನ್ನು ಅದೇ ಕಚ್ಚುತ್ತದೆ. ಹೋದ ವರ್ಷ ಬ್ಯಾಟರಿ ಕತ್ತರಿ ಹಿಡಿದು ನೋಡಿದ್ದೆ; ಮೋಟಾರು ಕೈಯಲ್ಲೇ ಇರುತ್ತದೆ, ಮಣಿಕಟ್ಟು ಸೋತುಬಿಡುತ್ತದೆ. ಇದು ಹಗುರ.

ಗಾಳಿಗೆ ಕಂಪ್ರೆಸರ್ ಬೇಕಲ್ಲ ಎಂದೆ. ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದು ಹೊತ್ತಲ್ಲದ ಹೊತ್ತಿಗೆ. ಟ್ರ್ಯಾಕ್ಟರಿಗೆ ಕೂಡಿಸುವ ಕಂಪ್ರೆಸರ್ ತಂದರೆ ಈ ಮಳೆಗೆ ಎರೆಮಣ್ಣಿನಲ್ಲಿ ಗಾಲಿಯೇ ಹೂತುಹೋಗುತ್ತದೆ. ಅವರು ಸ್ವಲ್ಪ ಯೋಚಿಸಿ, ನೈಟ್ರೋಜನ್ ತುಂಬಿದ ಸಿಲಿಂಡರಿನಿಂದ ನಡೆಸಬಹುದು, ಒಬ್ಬರ ಕೈಕೆಲಸಕ್ಕೆ ಸಾಕಾಗುತ್ತದೆ ಎಂದರು. ಆಮೇಲೆ ಶುರುವಾಯಿತು ನೋಡಿ ಪಾಠ. ನನ್ನ ಮದುವೆಯಲ್ಲೂ ಇಷ್ಟು ಮಂತ್ರ ಹೇಳಿರಲಿಲ್ಲ. ಸಿಲಿಂಡರನ್ನು ನಿಲ್ಲಿಸಿ ಸರಪಳಿ ಬಿಗಿಯಬೇಕು. ಒತ್ತಡ ಇಳಿಸುವ ರೆಗ್ಯುಲೇಟರಿನ ತಿರುಪನ್ನು ಮೊದಲು ಪೂರ್ತಿ ಸಡಿಲ ಮಾಡಬೇಕು. ವಾಲ್ವ್ ತೆರೆಯುವಾಗ ಎದುರಿಗೆ ನಿಲ್ಲಬಾರದು. ಮುಚ್ಚಿದ ಕೋಣೆಯಲ್ಲಿ ನಡೆಸಬಾರದು, ಉಸಿರಾಡುವ ಗಾಳಿಯನ್ನು ಅದು ಹೊರಗೆ ದಬ್ಬುತ್ತದೆ. ಒತ್ತಡ ತೋರಿಸುವ ಮುಳ್ಳು ಏಳರ ಮೇಲೆ ಏರಬಾರದು.

"ಸಿಲಿಂಡರ್ ಬಣ್ಣ ಹ್ಯಾಂಗಿರಬೇಕ್ರಿ ಅಕ್ಕಾರ?"

"ಬೂದಿ ಬಣ್ಣ, ಕಪ್ಪು ಕೊರಳು."

"ಮತ್ತೊಮ್ಮೆ ಹೇಳ್ರಿ."

"ಎಷ್ಟ ಸಲರಿ ಅಣ್ಣಾರ? ನಾ ಏನ ಒಂದನೇತ್ತಾ ಹುಡುಗಿ ಏನ್ರಿ?"

"ಹುಡುಗಿ ಇದ್ರ ಒಂದ ಸಲ ಸಾಕಾಗತಿತ್ತು. ದೊಡ್ಡವರು ಮರೀತಾರ," ಎಂದು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕಾದರು. ಮೂರು ಸಲ ಹೇಳಿಸಿದ ಮೇಲೆಯೇ ಬಿಟ್ಟದ್ದು. "ಪೂರಾ ಕಪ್ಪ ಇತ್ತಂದ್ರ ಅದು ಆಕ್ಸಿಜನ್, ವೆಲ್ಡಿಂಗದ್ದು. ಈ ಕತ್ತರಿ ಹೊಟ್ಟ್ಯಾಗ ಎಣ್ಣಿ ಇರತೈತಿ. ಆಕ್ಸಿಜನ್ನಿಗೆ ಇದನ್ನ ಎಂದೂ ಹಚ್ಚಬ್ಯಾಡ್ರಿ." ಯಾಕೆ ಎಂದು ಕೇಳಬೇಕಿತ್ತು, ಬಸ್ಸಿಗೆ ಹೊತ್ತಾಗಿತ್ತು. ಕತ್ತರಿ, ರೆಗ್ಯುಲೇಟರ್ ಎರಡನ್ನೂ ಕೊಂಡು, ಗಾಂಧಿ ಚೌಕದಲ್ಲಿ ಪೈಪಿನ ಕ್ಲಿಪ್ ತೆಗೆದುಕೊಂಡು ಓಡಿದೆ.

23 ಸೆಪ್ಟೆಂಬರ್, ಮಂಗಳವಾರ

ಸಿಲಿಂಡರ್ ಬಂತು. ಸಾಲುಗಳ ತುದಿಯ ಕಲ್ಲುದಾರಿಯಲ್ಲಿ ಕಬ್ಬಿಣದ ಕಂಬಕ್ಕೆ ಸರಪಳಿ ಹಾಕಿ ನಿಲ್ಲಿಸಿದೆ. ಅಲ್ಲಿಂದ ಉದ್ದ ಪೈಪು ಎಳೆದುಕೊಂಡೆ. ಪಕ್ಕಕ್ಕೆ ಸರಿದು ನಿಂತು ಮೊದಲ ಸಲ ವಾಲ್ವ್ ತಿರುಗಿಸಿದೆ. ಮುಳ್ಳು ಏರಿ ಏಳಕ್ಕೆ ನಿಂತಿತು. ಕಡ್ಡಿಗೆ ಕತ್ತರಿ ಇಟ್ಟೆ, ಬೆರಳು ತಾಗಿಸಿದೆ. ಟಕ್. ಹೆಬ್ಬೆರಳಿನಷ್ಟು ದಪ್ಪದ ಕಡ್ಡಿ ಕೆಳಗೆ ಬಿತ್ತು, ನನ್ನ ಕೈಗೆ ಸುದ್ದಿಯೇ ಇಲ್ಲ.

ಸಾಲಿನ ನಡುವೆ ನಿಂತು ಒಬ್ಬಳೇ ನಕ್ಕೆ. ನಲವತ್ತೊಂದು ಬಳ್ಳಿ ಮುಗಿಯಿತು.

26 ಸೆಪ್ಟೆಂಬರ್, ಶುಕ್ರವಾರ

ನೂರಾ ಅರವತ್ತೆಂಟು ಆಗುತ್ತಲೇ ಸಿಲಿಂಡರ್ ಖಾಲಿ. ವಿಜಯಪುರದಲ್ಲಿ ಗ್ಯಾಸ್ ತುಂಬಿ ಕೊಡುವವರು ದಸರಾ ಮುಗಿಯುವ ತನಕ ನೈಟ್ರೋಜನ್ ಇಲ್ಲ ಎಂದರು. ಇನ್ನೂ ಮುನ್ನೂರಾ ಮೂವತ್ತೆರಡು ಬಳ್ಳಿ ಇವೆ. ಕಾಯಲು ನಾನೇನು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೇನೆಯೇ?

ಮೈದುನ ಸಂಗುವಿಗೆ ಫೋನು ಮಾಡಿದೆ. ತಿಕೋಟಾದಲ್ಲಿ ಅವನದು ವೆಲ್ಡಿಂಗ್ ಅಂಗಡಿ. "ಯಾವದರೆ ಗ್ಯಾಸ್ ತುಂಬಿದ್ದು ಒಂದ ಸಿಲಿಂಡರ್ ಹೊಂದಿಸಿ ಕೊಡೋ ಸಂಗು. ಒತ್ತಡ ಇದ್ರ ಸಾಕು. ಗಾಳಿ ಅಂದ್ರ ಗಾಳೀನ."

"ಚಿಂತಿ ಬಿಡ್ರಿ ವೈನಿ. ಖಂಡೇ ಪೂಜಿ ಒಳಗ ಅಂಗಳದಾಗ ನಿಂತಿರತೈತಿ," ಎಂದ. ಒಳ್ಳೆಯ ಹುಡುಗ. ಅರುಣಕುಮಾರ ಅವರಂತೆ ಪರೀಕ್ಷೆ ಮಾಡುವುದಿಲ್ಲ.

ಸಿಲಿಂಡರ್ ಖಾಲಿಯಾಗುವ ಮೊದಲು ವಾಲ್ವ್ ಮುಚ್ಚದೆ, ಪೈಪಿನ ಗಾಳಿ ಬಿಡದೆ ಬ್ಲೇಡು ಬದಲಿಸಲು ಹೋದೆ. ಮೊಣಕೈ ತಾಗಿ ಕತ್ತರಿ ಕಚ್ಚಿತು. ತೋರುಬೆರಳಿನ ಉಗುರಿನ ತುದಿ ಹೋಯಿತು, ಬೆರಳು ಉಳಿಯಿತು. ಯಾರಿಗೂ ಹೇಳಿಲ್ಲ. ಡೈರಿಗೆ ಹೇಳಿದರೆ ಹೇಳಿದ ಹಾಗಲ್ಲ.

1 ಅಕ್ಟೋಬರ್, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಂದು ಖಂಡೇ ಪೂಜೆ. ದುಡಿಯುವ ಸಾಮಾನುಗಳಿಗೆಲ್ಲ ಪೂಜೆಯ ದಿನ. ಸಂಗು ಬೆಳಿಗ್ಗೆಯೇ ಟಂಟಂ ಆಟೋದಲ್ಲಿ ಸಿಲಿಂಡರ್ ತಂದು, ರೆಗ್ಯುಲೇಟರ್ ಮತ್ತು ಪೈಪು ಕೂಡಿಸಿ, ಗುಡಿಗೆ ಹೋಗಿಬರುತ್ತೇನೆ ಎಂದು ಹೋಗಿದ್ದ. ನಾನು ಅಡುಗೆಮನೆಯಲ್ಲಿ ಹೋಳಿಗೆಯ ಮುಂದಿದ್ದೆ. ಆರತಿ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಎಲ್ಲ ಸಾಲಾಗಿ ಕುಳಿತಿದ್ದವು: ಕುಡಗೋಲು, ಔಷಧಿ ಹೊಡೆಯುವ ಪಂಪು, ಹೊಲಿಗೆ ಯಂತ್ರ, ಗಾಳಿ ಕತ್ತರಿ. ನಡುವೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಸಿಲಿಂಡರ್. ಓಣಿಯ ಐದಾರು ಹೆಂಗಸರು ಸೇರಿದ್ದರು. ಮನೆಯವರು ಕಾಯಿ ಹಿಡಿದು ನಿಂತಿದ್ದರು. ಕಾಯಿ ಒಡೆದ ಕೂಡಲೇ ಯಂತ್ರವನ್ನು ಒಮ್ಮೆ ನಡೆಸುವುದು ನಮ್ಮಲ್ಲಿಯ ಪದ್ಧತಿ. ಸಂಗು ತಿರುಗಿ ಬಂದು ವಾಲ್ವಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದ.

"ಎಷ್ಟ ಚಂದ ಕಾಣಾಕತ್ತೈತಿ ನೋಡಬೇ," ಎಂದರು ಅತ್ತೆ. ತೊಳೆದು, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ವಾಲ್ವಿಗೂ ರೆಗ್ಯುಲೇಟರಿಗೂ ಎಣ್ಣೆ ಸವರಿದ್ದರು. ತಿಕ್ಕಿ ತಿಕ್ಕಿ ಸವರಿದ್ದರು. ಕೂಡಿಸಿದ ಸಂದಿಯಿಂದ ಒಂದು ಹನಿ ಎಣ್ಣೆ ಇಳಿಯುತ್ತಿತ್ತು.

"ರೆಗ್ಯುಲೇಟರ್ ನಿನ್ನೆ ಅಂಗಡಿಗೆ ಒಯ್ದಾಗ ಕೂಡವಲ್ದಾಗಿತ್ತರಿ ವೈನಿ," ಸಂಗು ಹೆಮ್ಮೆಯಿಂದ ಹೇಳಿದ. "ಲೇಥಿನ ಮ್ಯಾಲ ನಡುವ ಒಂದ ಕಪ್ಲಿಂಗ್ ತಿರುವಿ ಕೂಡಿಸೀನಿ."

ಆಗ ಸಿಲಿಂಡರನ್ನು ಸರಿಯಾಗಿ ನೋಡಿದೆ. ಮಾಲೆಯ ಕೆಳಗೆ ಕಪ್ಪು, ವಿಭೂತಿಯ ಕೆಳಗೆ ಕಪ್ಪು, ಬುಡದ ತನಕ ಕಪ್ಪು. ಬೂದಿ ಬಣ್ಣ ಎಲ್ಲೂ ಇಲ್ಲ.

"ಸಂಗು, ಕೈ ತೆಗಿ."

ಚೇಷ್ಟೆ ಎಂದುಕೊಂಡು ನಕ್ಕ. ತಟ್ಟೆಯನ್ನು ಹಿಂದಿನವರ ಕೈಗೆ ತುರುಕಿ, ಅವನ ಮಣಿಕಟ್ಟನ್ನು ಇದೇ ಬಲಗೈಯಿಂದ ಹಿಡಿದೆ. ನೋವು ಹೆಗಲ ತನಕ ಏರಿತು, ಬಿಡಲಿಲ್ಲ. "ತೆಗಿ ಅಂದ್ನೆಲ್ಲ. ಎಲ್ಲಾರೂ ರಸ್ತೆಗೆ ನಡೀರಿ. ಮೊದಲ ಆ ದೀಪಾ ಆರಿಸ್ರಿ."

ಅರುಣಕುಮಾರ ಅವರಿಗೆ ಫೋನು ಹಚ್ಚಿ ಹೇಳಿದೆ. ಅವರು ಕೇಳಿದ್ದು ಒಂದೇ: "ವಾಲ್ವ್ ತೆಗದೀರೇನು?" ಇಲ್ಲ ಎಂದೆ. ಆಮೇಲೆ, "ಎಣ್ಣಿ ಒರಸಾಕ ಹೋಗಬ್ಯಾಡ್ರಿ. ಯಾರೂ ಹತ್ತರ ಹೋಗಬ್ಯಾಡ್ರಿ. ನಾ ಬರ್ತೀನಿ," ಎಂದರು. ಹಬ್ಬದ ಊಟ ಬಿಟ್ಟು ವಿಜಯಪುರದಿಂದ ಬೈಕಿನಲ್ಲಿ ಬಂದರು. ತಾವೇ ರೆಗ್ಯುಲೇಟರ್ ಬಿಚ್ಚಿ, ವಾಲ್ವಿಗೆ ಕ್ಯಾಪು ಹಾಕಿ, ಎಣ್ಣೆ ಹತ್ತಿದೆ ಎಂದು ದೊಡ್ಡದಾಗಿ ಚೀಟಿ ಬರೆದು ಕಟ್ಟಿ, ತುಂಬಿಕೊಟ್ಟವರಿಗೇ ತಿರುಗಿ ಕಳಿಸಲು ಹೇಳಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು.

"ಆಕ್ಸಿಜನ್ ಒತ್ತಡದಾಗ ಎಣ್ಣಿ ಸಿಕ್ತಂದ್ರ ಕಡ್ಡಿ ಗೀರೂದ ಬೇಕಾಗೂದಿಲ್ರಿ, ತಾನ ಹತ್ತತೈತಿ. ಹೊರಗ ಹಚ್ಚಿದ ಎಣ್ಣಿನೂ ಅಷ್ಟ, ಕತ್ತರಿ ಒಳಗಿಂದೂ ಅಷ್ಟ. ನಮ್ಮ ಗ್ಯಾರೇಜಿನಾಗ ಒಬ್ಬಾವ ನಟ್ಟ ತಿರುವೂ ಗಾಳಿ ಪಾನಾಕ್ಕ ಇದನ್ನ ಹಚ್ಚಿದ್ದ. ಕಂಪ್ರೆಸರ್ ಕೆಟ್ಟಿತ್ತು, ಗಿರಾಕಿ ಅವಸರ ಮಾಡಾಕತ್ತಿದ್ದ." ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡರು. "ನಾ ಬಾಗಲದಾಗ ಇದ್ದೆ. ಅಂವಾ ಹತ್ತರ ಇದ್ದ."

ಲೋಟ ಕೆಳಗಿಟ್ಟು ಬೈಕಿನ ಕಡೆ ನಡೆದರು.

ಅವರು ಹೋದ ಮೇಲೆ ನಾಲಿಗೆ ಹರಿಬಿಟ್ಟೆ. ಓಣಿಯವರೆದುರೇ ಸಂಗುವಿಗೆ ಬುದ್ಧಿ ಇದೆಯೇ ಎಂದೆ. ಅತ್ತೆಗೆ, "ಕಂಡಕಂಡದ್ದಕ್ಕೆಲ್ಲಾ ಎಣ್ಣಿ ಬಳೀತೀರಿ, ಎಲ್ಲಾರನೂ ಸುಡೂದಿತ್ತೇನು?" ಎಂದುಬಿಟ್ಟೆ. ಸಂಗು ಟಂಟಂ ಹತ್ತುತ್ತ, "ಯಾವದರೆ ತಾ ಅಂದವರು ನೀವರಿ ವೈನಿ," ಎಂದು ಹೇಳಿ ಹೋದ, ಊಟಕ್ಕೂ ನಿಲ್ಲಲಿಲ್ಲ. ಹಾಗೆ ಅಂದದ್ದು ಹೌದು. ಆದರೆ ವೆಲ್ಡಿಂಗ್ ಮಾಡುವವನಿಗೆ ಗೊತ್ತಿರಬೇಡವೇ?

2 ಅಕ್ಟೋಬರ್, ಗುರುವಾರ

ಬನ್ನಿ ಹಬ್ಬ. ಊರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಕೈ ಮುಗಿಯಿತು. ಸಂಗು ಬರಲಿಲ್ಲ. ಅತ್ತೆ ದೇವರ ದೀಪಕ್ಕೂ ಎಣ್ಣೆ ಹಾಕಲಿಲ್ಲ. "ನೀ ಹಾಕವಾ. ನಾ ಇನ್ನ ಏನೂ ಮುಟ್ಟೂದಿಲ್ಲ," ಎಂದರು. ಸಿಟ್ಟಿನಿಂದ ಅಂದಿದ್ದರೆ ತಿರುಗಿ ಉತ್ತರ ಕೊಡುತ್ತಿದ್ದೆ. ಸಿಟ್ಟಿರಲಿಲ್ಲ.

ಮನೆಯವರು ಮತ್ತೆ ಲಾವಣಿಯ ಮಾತು ತೆಗೆದರು. ಹದಿನೈದರ ತನಕ ಬಾಯಿ ಬಿಡಬೇಡಿ ಎಂದೆ.

4 ಅಕ್ಟೋಬರ್, ಶನಿವಾರ

ಹಿಂದಿನ ಪುಟ ತಿರುವಿದೆ. 26ನೇ ತಾರೀಖು, ನನ್ನದೇ ಅಕ್ಷರ: ಗಾಳಿ ಅಂದ್ರ ಗಾಳೀನ. ಅದರ ಕೆಳಗೆ ಉಗುರಿನ ಸುದ್ದಿ. ಇದನ್ನು ಬೇರೆ ಯಾರೋ ಬರೆದಿದ್ದರೆ ಅವಳನ್ನು ಸರಿಯಾಗಿ ಬೈಯುತ್ತಿದ್ದೆ.

ಹನ್ನೊಂದರ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಸಂಗು ಕಿಟಕಿಯ ಚೌಕಟ್ಟು ಬೆಸೆಯುತ್ತಿದ್ದ. ನನ್ನನ್ನು ನೋಡಿ ಕನ್ನಡಕ ಮೇಲೆತ್ತಿದ. ಒಣಗಿದ ಬನ್ನಿ ಎಲೆ ಮುಂದೆ ಹಿಡಿದೆ.

"ಎರಡ ದಿನಾ ತಡಾ ಆತಲ್ಲರಿ ವೈನಿ."

"ತಪ್ಪ ಒಪ್ಪಾಕ ನನಗ ಎರಡ ದಿನಾ ಹಿಡೀತು. ಯಾವದರೆ ತಾ ಅಂದಾಕಿ ನಾನ. ಬರದ ಇಟ್ಟೀನಿ, ಬೇಕಾದ್ರ ಓದು."

ಎಲೆ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಆಮೇಲೆ ಗುಜರಿ ಡಬ್ಬದಿಂದ ಆ ಕಪ್ಲಿಂಗ್ ತೆಗೆದು ತೋರಿಸಿದ. ಗರಗಸದಿಂದ ಎರಡು ತುಂಡು ಮಾಡಿದ್ದ. "ನಮ್ಮ ವೆಲ್ಡಿಂಗ್ ಸಾಮಾನಿಗೆ ಎಣ್ಣಿ ತಾಗಸೂದಿಲ್ಲ ನಾವು. ಕತ್ತರಿ ಹೊಟ್ಟ್ಯಾಗ ಎಣ್ಣಿ ಇರತೈತಿ ಅಂತ ಗೊತ್ತಿರಲಿಲ್ಲ. ಅವ್ವ ಹಚ್ಚಿದ್ದೂ ತೊಳದ ನೀರ ಅಂತ ತಿಳಕೊಂಡೆ. ಆದ್ರ ಅದು ಕೂಡವಲ್ದು ಅಂದಾಗ, ಯಾಕ ಕೂಡವಲ್ದು ಅಂತ ಕೇಳಬೇಕಾಗಿತ್ತರಿ ನಾ. ಒಂದರದ್ದು ಇನ್ನೊಂದಕ್ಕ ಕೂಡಬಾರದು ಅಂತನ ಹಲ್ಲ ಬ್ಯಾರೆ ಇಟ್ಟಿರತಾರ."

ನಾನೂ ಒಂದು ಯಾಕೆ ಕೇಳದೆ ಬಸ್ಸಿಗೆ ಓಡಿದವಳು. ಇಬ್ಬರೂ ಚಹಾ ಕುಡಿದೆವು. ಸೋಮವಾರ ನೈಟ್ರೋಜನ್ ಸಿಗುತ್ತದೆಯಂತೆ, ಎರಡು ಸಿಲಿಂಡರ್ ತಾನೇ ತರುತ್ತೇನೆ ಎಂದ. ಬಣ್ಣ ಯಾವುದು ಎಂದು ಕೇಳಿದೆ. ಹೇಳಿದ. ಮತ್ತೊಮ್ಮೆ ಹೇಳಿಸಿದೆ.

7 ಅಕ್ಟೋಬರ್, ಮಂಗಳವಾರ

ಬೂದಿ ಬಣ್ಣ, ಕಪ್ಪು ಕೊರಳು. ಮೇಲಿನ ಚೀಟಿಯನ್ನೂ ಓದಿದೆ, ಬಣ್ಣವೊಂದನ್ನೇ ನಂಬಬಾರದೆಂದು ಅರುಣಕುಮಾರ ಅವರು ಫೋನಿನಲ್ಲಿ ಹೇಳಿದ್ದರು. ಹಳೆಯ ರೆಗ್ಯುಲೇಟರಿಗೆ ಎಣ್ಣೆ ಹತ್ತಿತ್ತೆಂದು ಬೇರೆಯದನ್ನು ಕಳಿಸಿದ್ದರು. ಅದು ತಾನಾಗಿಯೇ ಕೂಡಿತು. ಅದರ ನಟ್ಟು ಬಿಗಿಯಲು ನನ್ನ ಕೈಲಿ ಆಗುವುದಿಲ್ಲ, ನೀನೇ ಬಿಗಿ ಎಂದು ಸಂಗುವಿಗೆ ಹೇಳಿದೆ. ಬಿಗಿದ.

ಅತ್ತೆ ಬದುವಿನ ಮೇಲೆ ದೂರ ನಿಂತಿದ್ದರು, ಸೆರಗಿನಲ್ಲಿ ಕೈ ಸುತ್ತಿಕೊಂಡು. ಇನ್ನು ಸಾಬೂನು ನೀರು ಹಚ್ಚಿ ಸೋರಿಕೆ ನೋಡುವ ಕೆಲಸ ಬಾಕಿ ಇತ್ತು.

"ಅತ್ತೀ, ಬರ್ರಿ ಇಲ್ಲಿ. ಇದು ನಿಮ್ಮ ಕೆಲಸ."

"ಬ್ಯಾಡವಾ. ನಾ ಮುಟ್ಟೂದಿಲ್ಲ."

"ಎಣ್ಣಿ ಅಲ್ಲರಿ, ಸಾಬೂನ. ನನ್ನ ಕೈ ನಡಗತೈತಿ. ನಿಮ್ಮಂಗ ಸಂದಿ ಸಂದಿಗೆ ಹಚ್ಚಾಕ ನನಗ ಬರೂದಿಲ್ಲ."

ಬಂದರು. ಕೈ ಎರಡು ಸಲ ತೊಳೆದುಕೊಂಡರು. ಬ್ರಷ್ಷಿನಿಂದ ಒಂದೊಂದೇ ಸಂದಿಗೆ ಹಚ್ಚಿದರು, ಮಗುವಿನ ಮುಖ ತೊಳೆಯುವ ಹಾಗೆ. ಪೈಪಿನ ಕ್ಲಿಪ್ಪಿನ ಹತ್ತಿರ ನಿಂತು, "ಇಲ್ಲಿ ಗುಳ್ಳಿ ಏಳಾಕತ್ತಾವ ನೋಡಬೇ," ಎಂದರು. ಹೌದು, ಅಲ್ಲಿ ಸೋರುತ್ತಿತ್ತು. ನಾನು ನೋಡಿದ್ದರೆ ಸಿಗುತ್ತಿರಲಿಲ್ಲ. ವಾಲ್ವ್ ಮುಚ್ಚಿ, ಗಾಳಿ ಬಿಟ್ಟು, ಕ್ಲಿಪ್ ಬಿಗಿದೆವು. ಹೊತ್ತಾಗಿ ಶುರು ಮಾಡಿದರೂ ನಲವತ್ತು ಬಳ್ಳಿ.

11 ಅಕ್ಟೋಬರ್, ಶನಿವಾರ

ಇನ್ನೂ ನೂರಾ ಇಪ್ಪತ್ತೆಂಟು. ಎರಡು ಸಲ ಬ್ಲೇಡು ಬದಲಿಸಿದೆ, ಮುಚ್ಚಿ, ಗಾಳಿ ಬಿಟ್ಟು. ಮನೆಯವರು ರಜೆ ಹಾಕಿ ಬಂದು ಪೈಪು ಎಳೆದುಕೊಟ್ಟರು. ಮುಳ್ಳಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಎಂಟಕ್ಕ ಇಟ್ರ ಲಗೂ ಆಗೂದಿಲ್ಲೇನು?" ಎಂದು ಕೇಳಿದರು. ಊಟದ ಹೊತ್ತಿನ ತನಕ ಪಾಠ ಮಾಡಿದೆ. ಪಾಪ, ಮತ್ತೆ ಕೇಳಲಿಲ್ಲ.

15 ಅಕ್ಟೋಬರ್, ಬುಧವಾರ ಬೆಳಿಗ್ಗೆ

ಐನೂರು.

ಕೊನೆಯ ಬಳ್ಳಿ ನಿನ್ನೆ ಸಂಜೆ ನಾಲ್ಕೂವರೆಗೆ ಮುಗಿಯಿತು. ಕೊನೆಯ ಕಡ್ಡಿ ಕತ್ತರಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಸಾಲಿನ ಆ ತುದಿಯ ತನಕ ಬೋಳು ಬಳ್ಳಿ. ಇಪ್ಪತ್ಮೂರರಂದು ಕತ್ತರಿಸಿದ ಕಡೆ ಚಿಗುರು ಕಣ್ಣು ಬಿಟ್ಟಿದೆ. ವಾಲ್ವ್ ಮುಚ್ಚಿದೆ, ಪೈಪು ಖಾಲಿ ಮಾಡಿದೆ, ತಿರುಪು ಸಡಿಲಿಸಿದೆ, ಕ್ಯಾಪು ಹಾಕಿದೆ. ಸಂತೋಷವಾಯಿತು. ಅಳುವೂ ಬಂತು, ಯಾಕೆ ಸುಳ್ಳು ಬರೆಯಲಿ.

ಮನೆಯವರು ತೋಟಕ್ಕೆ ಬಂದು ಒಂದು ಸುತ್ತು ಹಾಕಿದರು. ಲಾವಣಿಯ ಮಾತು ಬರುತ್ತದೆಂದು ಮೈಯೆಲ್ಲ ಕಿವಿ ಮಾಡಿಕೊಂಡಿದ್ದೆ. "ಏಪ್ರಿಲ್ ಚಾಟ್ನಿಗೆ ಎಷ್ಟ ಸಿಲಿಂಡರ್ ಬೇಕಾಗತಾವ? ಈಗ ಹೇಳಿ ಇಡೂದ ಚಲೋ," ಎಂದರು. ಮೂರು ಎಂದೆ. ಅಷ್ಟೇ.

ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬಲಗೈ ಮಣಿಕಟ್ಟು ಬಾತಿತ್ತು.

"ಅತ್ತೀ, ಎಣ್ಣಿ ಬಟ್ಟಲಾ ಎಲ್ಲಿ ಇಟ್ಟೀರಿ?"

ಅತ್ತೆ ಗಾಬರಿಯಾಗಿ ಎದ್ದರು. "ನಾ ಎಲ್ಲೂ ಹಚ್ಚಿಲ್ಲವಾ. ಆಣಿ ಮಾಡತೀನಿ."

"ಗೊತ್ತೈತ್ರಿ. ಅದಕ್ಕ ಕೇಳಾಕತ್ತೀನಿ," ಎಂದು ಕೈ ಮುಂದೆ ಚಾಚಿದೆ. "ನಾಳೆ ನಾ ಸಿಲಿಂಡರ್ ಮುಟ್ಟೂದಿಲ್ಲ. ತಿಕ್ಕ್ರಿ."

ಅವರು ನನ್ನ ಮುಖ ನೋಡಿದರು, ಕೈ ನೋಡಿದರು. ಒಳಗೆ ಹೋಗಿ ಬಟ್ಟಲು ತಂದರು. ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನ ತುದಿಯಿಂದ ಮೊಣಕೈ ತನಕ ತಿಕ್ಕಿದರು. ನೋಯಿತು. ನೋಯುತ್ತದೆ ಎಂದೆ. "ಹೂಂ, ನೋಯತೈತಿ," ಎಂದರು, ತಿಕ್ಕುತ್ತಲೇ ಇದ್ದರು.

ಡಾಕ್ಟರು ಬರೆದಿಡಲು ಹೇಳಿದ್ದನ್ನು ನಾನು ಎಂದೋ ಮರೆತಿದ್ದೇನೆ. ಶುಕ್ರವಾರ ಅವರಿಗೆ ಏನು ತೋರಿಸಲಿ? ನಿನ್ನೆಯದನ್ನಾದರೂ ನಿನ್ನೆಯೇ ಬರೆಯಬೇಕಿತ್ತು. ಬರೆಯಲು ಕುಳಿತಿದ್ದೆ, ಎಣ್ಣೆಯ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ.